ಕೆರೆಯಪ್ಪನ ಬೆವರು

ನನ್ನ ಗಂಡ ಚಲಪತಿಗೆ ಬೈಯದಿದ್ದರೆ ನನಗೆ ಹೊತ್ತು ಹೋಗುವುದಿಲ್ಲ. ಬೈಸಿಕೊಳ್ಳದಿದ್ದರೆ ಅವನಿಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಇದು ಚಿಂತಾಮಣಿಯ ನಮ್ಮ ಬೀದಿಗೆಲ್ಲ ಗೊತ್ತಿರುವ ವಿಷಯ. ನಮ್ಮದು ವೆಲ್ಡಿಂಗ್ ಶೆಡ್ಡು. ಅವನು ಟ್ರೈಲರ್, ಗೇಟು, ರೇಷ್ಮೆ ಹುಳು ಮನೆಗಳಿಗೆ ಕಬ್ಬಿಣದ ಸ್ಟ್ಯಾಂಡು ಮಾಡುತ್ತಾನೆ. ನಾನು ಬಣ್ಣ ಬಳಿಯುತ್ತೇನೆ, ಅಂಗಡಿ ಬೋರ್ಡು ಬರೆಯುತ್ತೇನೆ. ಬೆಳಗಿಂದ ಸಂಜೆಯವರೆಗೆ ಒಂದೇ ತಗಡಿನ ಕೆಳಗೆ ಗಂಡ ಹೆಂಡತಿ ಬೇಯುತ್ತಿದ್ದರೆ ಬೈಗುಳ ಬಿಟ್ಟು ಇನ್ನೇನು ಹುಟ್ಟೀತು ಹೇಳಿ.

ಇಂಥ ನಮಗೆ ಕಳೆದ ಬೇಸಿಗೆಯಲ್ಲಿ ವಿಮಾನ ಕಟ್ಟುವ ಕೆಲಸ ಬಂತು. ನಗಬೇಡಿ, ನಿಜ. ಹಳೆಯ ಮಹಾಯುದ್ಧದ ಕಥೆಯ ಒಂದು ಸಿನಿಮಾ. ಅದಕ್ಕೆ ಆ ಕಾಲದ ಬಾಂಬರ್ ಬೇಕಿತ್ತು. ಭಾರಿ ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ, ಎರಡು ಇಂಜಿನ್ನಿನ ಮಧ್ಯಮ ಗಾತ್ರದ್ದು. ಕಲಾ ನಿರ್ದೇಶಕಿ ಸಂಘಮಿತ್ರ ಅನ್ನುವ ಬೆಂಗಳೂರಿನ ಹುಡುಗಿ. ಲ್ಯಾಪ್‌ಟಾಪ್ ತೆರೆದು ಚಿತ್ರ ತೋರಿಸಿ, “ಹಾರೋದು ಬೇಡ ಚಲಪತಿ ಅಣ್ಣ. ನಿಂತಿದ್ರೆ ಸಾಕು, ಹೊಟ್ಟೆ ಬಾಗಿಲು ತೆಗೀಬೇಕು, ಒಳಗೆ ಬಾಂಬು ಕಾಣಬೇಕು” ಅಂದಳು.

“ಅದೇನ್ ಮಹಾ ಮೇಡಂ, ಟ್ರೈಲರಿಗೆ ರೆಕ್ಕೆ ಕಟ್ಟಿದ್ರೆ ವಿಮಾನ” ಅಂದ ಇವನು. ಇವನ ಬಾಯಿಗಿಷ್ಟು.

ಸಾದಲಿ ಹತ್ತಿರ ಚಲಪತಿಯ ಹಳ್ಳಿ. ಅದರ ಪಕ್ಕದ ಬಟಾಬಯಲಲ್ಲಿ ಕಾಂಕ್ರೀಟ್ ಹಾಸು ಹಾಕಿ ಕೆಲಸ ಶುರು ಮಾಡಿದೆವು. ಚೌಕ ಪೈಪಿನ ಪಕ್ಕೆಲುಬು, ಪ್ಲೈವುಡ್ಡಿನ ಬಳೆ, ಮೇಲೆ ಅಲ್ಯೂಮಿನಿಯಂ ತಗಡು. ಇಂಜಿನ್ನಿನ ಜಾಗಕ್ಕೆ ನೀರಿನ ಡ್ರಮ್ಮು. ಮೂತಿಗೆ ಅಕ್ರಿಲಿಕ್ ಹಾಳೆ ಬಗ್ಗಿಸಿ ಮಾಡಿದ ಗಾಜಿನ ಗೂಡು. ಅದರಿಂದ ಹೊರಗೆ ಇಣುಕುವ ಮೆಷಿನ್ ಗನ್ನು ಅಂದರೆ ಬೋರ್‌ವೆಲ್ಲಿನ ಪ್ಲಾಸ್ಟಿಕ್ ಪೈಪು, ಕರಿ ಬಣ್ಣ ಬಳಿದದ್ದು. ತಗಡಿನ ಮೇಲೆ ಸಾವಿರಾರು ರಿವೆಟ್ಟು ಕಾಣಬೇಕಲ್ಲ, ಅದು ನನ್ನ ಪಾಲಿನ ಕೆಲಸ. ಹಳ್ಳಿಯ ಹೆಣ್ಣುಮಕ್ಕಳನ್ನು ಕರೆದು ರಂಗೋಲಿ ಚುಕ್ಕಿಯ ಹಾಗೆ ಸಾಲಾಗಿ ಅಂಟಿನ ಚುಕ್ಕಿ ಇಡಿಸಿದೆ. ಒಣಗಿದ ಮೇಲೆ ಹಸಿರು ಬಣ್ಣ ಹೊಡೆದರೆ ದೇವರಾಣೆ, ಯಾರೂ ಸುಳ್ಳು ಅನ್ನುವ ಹಾಗಿರಲಿಲ್ಲ.

ತಪ್ಪು ತಿದ್ದಲು ಮಧುಸೂದನ್ ಸರ್ ಇದ್ದರು. ವಾಯುಪಡೆಯಲ್ಲಿ ವಿಮಾನಗಳಿಗೆ ಬಾಂಬು ಏರಿಸುವ ಕೆಲಸ ಮಾಡಿ ನಿವೃತ್ತಿಯಾದವರು, ನಂದಿಯಲ್ಲಿ ದ್ರಾಕ್ಷಿ ತೋಟ ಇಟ್ಟುಕೊಂಡಿದ್ದಾರೆ. ಆಗಾಗ ಬಂದು, ಹೊಟ್ಟೆಯೊಳಗೆ ಬಾಂಬು ಎರಡು ಕಡೆ ಕೊಕ್ಕೆಯಲ್ಲಿ ಹೇಗೆ ನಿಲ್ಲುತ್ತದೆ, ಹೇಗೆ ಕೆಳಗಿನಿಂದ ಎತ್ತಿ ಸಿಕ್ಕಿಸುತ್ತಾರೆ ಅಂತ ತೋರಿಸಿ ಹೋಗುತ್ತಿದ್ದರು. ಎಲ್ಲಾ ಮುಗಿಯುತ್ತಾ ಬಂದಾಗ ತೊಂದರೆ ಆದದ್ದು ಬಾಂಬುಗಳದ್ದೇ. ಚೆನ್ನೈಯಿಂದ ಫೈಬರಿನವು ಬಂದವು. ಗಾಳಿ ಬೀಸಿದರೆ ಸೋರೆಬುರುಡೆಯ ಹಾಗೆ ತೂಗುತ್ತಿದ್ದವು. ಡೈರೆಕ್ಟರಿಗೆ ಸಿಟ್ಟು ಬಂತು. ಹತ್ತಿರದಿಂದ ತೆಗೆಯುವ ಶಾಟಿಗೆ ಒಂದಾದರೂ ತೂಕದ್ದು, ಕಬ್ಬಿಣದ್ದು ಬೇಕು ಅಂದರು.

ಆಗ ನನ್ನ ಗಂಡನ ತಲೆಗೆ ಹೊಳೆಯಿತು ನೋಡಿ. “ನಮ್ಮೂರ ಕೆರೆಯಪ್ಪ ಇದ್ದಾನಲ್ಲ!”

ಕೆರೆಯಪ್ಪ ಅಂದರೆ ನನ್ನ ಗಂಡನ ಮನೆಯವರೇ ಪೂಜೆ ಮಾಡುವ ದೇವರು. ಚಲಪತಿಯ ಮುತ್ತಾತನ ಕಾಲದಲ್ಲಿ ಕೆರೆ ಬತ್ತಿದಾಗ ಹೂಳಿನಲ್ಲಿ ಸಿಕ್ಕ ಕಬ್ಬಿಣದ ಉದ್ದನೆಯ ಗುಂಡು. ಕರುವಿನಷ್ಟು ಉದ್ದ, ಇಬ್ಬರು ಗಂಡಸರು ಉಸಿರು ಕಟ್ಟಿ ಎತ್ತಬೇಕಾದಷ್ಟು ಭಾರ. ಬೇವಿನ ಮರದ ಕೆಳಗಿನ ಕಲ್ಲುಚಪ್ಪಡಿಯ ಮೇಲೆ ಮಲಗಿಸಿದ್ದರು. ಮಲಗಿರುವ ದೇವರು, ಎಬ್ಬಿಸಬಾರದು ಅಂತ ಅವನ ಹತ್ತಿರ ತಮಟೆ ಬಡಿಯುತ್ತಿರಲಿಲ್ಲ, ಕಾಯಿಯನ್ನೂ ದೂರದ ಕಲ್ಲಿಗೇ ಒಡೆಯುತ್ತಿದ್ದರು. ಅರಿಸಿನ, ಕುಂಕುಮ, ಎಣ್ಣೆ ವರ್ಷಗಟ್ಟಲೆ ಮೆತ್ತಿ ಮೆತ್ತಿ ಒಳಗೆ ಏನಿದೆಯೆಂದು ಯಾರಿಗೂ ಕಾಣುತ್ತಿರಲಿಲ್ಲ. ಅವನ ಮಹಿಮೆ ಏನೆಂದರೆ, ಬಿಸಿಲು ಜೋರಾದಾಗ ಬೆವರುತ್ತಿದ್ದ. ಮೂತಿಯ ಹತ್ತಿರ ಜೋನಿಬೆಲ್ಲದಂಥ ಕಂದು ನೀರು ಜಿನುಗುತ್ತಿತ್ತು. ಸ್ವಾಮಿ ಬೆವರಿದರೆ ಮಳೆ ಹತ್ತಿರ ಬಂತು ಅಂತ ಲೆಕ್ಕ. ಅದನ್ನು ಹತ್ತಿಯಲ್ಲಿ ಒರೆಸಿ ಹಣೆಗೆ ಹಚ್ಚಿಕೊಳ್ಳುತ್ತಿದ್ದರು. ನಾನೂ ಹಚ್ಚಿಕೊಂಡಿದ್ದೇನೆ.

ಸಂಘಮಿತ್ರ ನೋಡಿ ಕಣ್ಣರಳಿಸಿದಳು. “ಇದು ಬಾಂಬಿನ ಥರಾನೇ ಇದೆಯಲ್ಲ ಅಣ್ಣ?”

“ಹಳೇ ರೋಡ್ ರೋಲರಿನ ಪಾರ್ಟಂತೆ ಮೇಡಂ, ನಮ್ಮ ತಾತ ಹೇಳ್ತಿದ್ದ. ಒಳಗೆಲ್ಲ ಕೆರೆ ಮಣ್ಣು ತುಂಬ್ಕೊಂಡಿದೆ, ಅದಕ್ಕೇ ಈ ಭಾರ” ಅಂದ ಇವನು. ಇವನ ತಾತ ಜೀವಮಾನದಲ್ಲಿ ರೋಡ್ ರೋಲರ್ ನೋಡಿದ್ದನೋ ಇಲ್ಲವೋ! ಆದರೆ ನಾನೂ ನಂಬಿದ್ದೆ. ದೇವರೆಂದು ಕೈಮುಗಿದ ಮೇಲೆ ಒಳಗೇನಿದೆ ಅಂತ ಯಾರು ಕೇಳುತ್ತಾರೆ?

ಒಪ್ಪಿಗೆ ಕೊಡಬೇಕಾದವರು ನಮ್ಮತ್ತೆ ಚಿಕ್ಕವೆಂಕಟಮ್ಮ. ಈಗ ಪೂಜೆ ಅವರದೇ. ಬೇಡ ಅಂತಾರೆ ಅಂದುಕೊಂಡಿದ್ದೆ. ದೇವರು ಸಿನಿಮಾದಲ್ಲಿ ಬರುತ್ತಾನೆ ಅಂದದ್ದೇ ಅತ್ತೆಯ ಮುಖ ಊರಗಲ ಆಯಿತು. “ಬರ್ಲಿ ಬುಡು, ನಮ್ಮಪ್ಪನ್ನ ನಾಕು ಜನ ನೋಡ್ಲಿ. ಆದ್ರೆ ಒಬ್ನೇ ಕಳ್ಸಾಕಿಲ್ಲ. ನಾನೂ ಬತ್ತೀನಿ” ಅಂದರು. ಹೀಗೆ ಬೇಲಿ ಮೇಲೆ ಹೋಗುತ್ತಿದ್ದ ಓತಿಕ್ಯಾತನನ್ನು ಕರೆದು ಪಂಚೆಯೊಳಗೆ ಬಿಟ್ಟುಕೊಂಡೆವು.

ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ. ಷರೀಫನ ಟೆಂಪೋದಲ್ಲಿ ಬೆಳಿಗ್ಗೆಯೇ ಸ್ವಾಮಿಯನ್ನು ತಂದಿದ್ದೆವು. ಷರೀಫ್ ಚಿಂತಾಮಣಿಯವನು, ನಮ್ಮ ಭಾರದ ಸಾಮಾನೆಲ್ಲ ಸಾಗಿಸುವವನು. ಎತ್ತುವುದಕ್ಕೆ ಅವನದೇ ಚೈನ್ ಪುಲ್ಲಿ. ಅದರ ಹಲ್ಲು ಸವೆದು ಸರಪಳಿ ತಾನಾಗೇ ಜಾರುತ್ತಿತ್ತು. ಭಾರ ಏರಿಸಿದ ಮೇಲೆ ಯಾರಾದರೂ ಸರಪಳಿ ಹಿಡಿದೇ ಇರಬೇಕು. ಚಲಪತಿ ವಿಮಾನದ ಹೊಟ್ಟೆಯೊಳಗೆ ಹತ್ತಿ ಅಡ್ಡ ಪೈಪಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ. ಸ್ವಾಮಿಯ ಬಾಲದ ಕಡೆಯನ್ನು ಬೆಲ್ಟು ಹಾಕಿ ಒಂದು ಕೊಕ್ಕೆಗೆ ಸಿಕ್ಕಿಸಿ, ಆ ಕೊಕ್ಕೆಗೆ ಎರಡು ಚುಕ್ಕೆ ವೆಲ್ಡಿಂಗ್ ಇಟ್ಟಿದ್ದ. ಮೂತಿಯ ಕಡೆ ಇನ್ನೂ ಪುಲ್ಲಿಯಲ್ಲೇ ಇತ್ತು. “ಹೋಗಿ ಬೇರೆ ಪುಲ್ಲಿ ತಾ, ಅಲ್ಲೀಗಂಟ ನಾನು ಹಿಡ್ಕೊಂಡಿರ್ತೀನಿ” ಅಂತ ಷರೀಫನನ್ನು ಸಾದಲಿಗೆ ಕಳಿಸಿದ್ದ. ಸ್ವಾಮಿ ಕಾಂಕ್ರೀಟಿನಿಂದ ನನ್ನ ಎದೆಯೆತ್ತರದಲ್ಲಿ ನೇತಾಡುತ್ತಿದ್ದ.

ನಾನು ಕೆಳಗೆ ನಿಂತು ಪುಟ್ಟಿ ಮೆತ್ತುವ ಬ್ಲೇಡಿನಲ್ಲಿ ಮೂತಿಯ ಮೇಲಿನ ಅರಿಸಿನ ಕೆರೆಯುತ್ತಿದ್ದೆ. ಹಸಿರು ಬಣ್ಣ ಹೊಡೆಯಬೇಕಿತ್ತು. ಅತ್ತೆ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, “ಮೆತ್ತಗೆ ಕೆರಿಯೇ, ನಿಮ್ಮಪ್ಪನ ಮನೆ ತವೆ ಅಂದ್ಕೊಂಡಾ?” ಅನ್ನುತ್ತಿದ್ದರು.

ಅಷ್ಟರಲ್ಲಿ ಅವರು ಎದ್ದು ಕೈಮುಗಿದರು. “ಲೇ ಮಾಲಾ, ನಮ್ಮಪ್ಪ ಬೆವರ್ತಾವ್ನೆ! ನೋಡೇ, ನೋಡೇ! ಇಲ್ಲಿಗ್ ಬಂದ್ರೂ ಬುಡಲಿಲ್ಲ!”

ಹೌದು, ಕಂದು ಹನಿ ಜಿನುಗುತ್ತಿತ್ತು. ಎಂದಿಗಿಂತ ಜಾಸ್ತಿ. ನಾನು ಒರೆಸಿಕೊಂಡು ಕೆರೆದೆ. ದಪ್ಪ ಪದರ ಒಂದು ಚಕ್ಕೆಯಾಗಿ ಎದ್ದು ಬಂತು. ಒಳಗೆ ಹಿತ್ತಾಳೆಯ ಒಂದು ಬಿಲ್ಲೆ ಕಂಡಿತು, ಸುತ್ತ ಇಂಗ್ಲಿಷ್ ಅಕ್ಷರ, ಅಂಕಿ. ನನಗೆ ಖುಷಿಯಾಯಿತು. ಬೋರ್ಡು ಬರೆಯುವವಳಲ್ಲವೇ, ಹಳೆಯ ಅಕ್ಷರ ಅಂದರೆ ಜೀವ. ಇದರ ಮೇಲೆ ಬಣ್ಣ ಹೊಡೆಯಲೋ ಹಾಗೇ ಬಿಡಲೋ ಅಂತ ಕೇಳಲು ಫೋಟೋ ತೆಗೆದು ಮಧುಸೂದನ್ ಸರ್‌ಗೆ ಕಳಿಸಿದೆ.

ಫೋನು ಕೆಳಗಿಡುವ ಮೊದಲೇ ಅವರ ಕಾಲ್ ಬಂತು.

“ಮಾಲಾ, ಇದು ಈಗ ಎಲ್ಲಿದೆ?”

“ನಮ್ಮ ವಿಮಾನದಾಗೇ ಇದೆ ಸರ್. ಹೊಟ್ಟೇಲಿ ನೇತಾಡ್ತಿದೆ.”

“ಮೂತಿ ಹತ್ರ ಏನೋ ಜಿನುಗ್ತಿದೆಯಲ್ಲ?”

“ಬೆವರು ಸರ್. ಸ್ವಾಮಿ ಬೇಸಿಗೇಲಿ ಬೆವರ್ತಾನೆ.”

ಅವರು ಬಹಳ ನಿಧಾನವಾಗಿ ಮಾತಾಡಿದರು. “ಕೇಳಮ್ಮ. ಕಿರುಚಬೇಡ, ಓಡಬೇಡ. ಅದು ಬೆವರಲ್ಲ, ಒಳಗಿರೋ ಮದ್ದು. ಬಿಸಿಲಿಗೆ ಕರಗಿ ಬರ್ತಾ ಇದೆ. ಅದು ನಿಜವಾದ ಬಾಂಬು, ಯುದ್ಧದ ಕಾಲದ್ದು, ಯಾವ್ದೋ ವಿಮಾನದಿಂದ ಬಿದ್ದು ಸಿಡೀದೆ ಉಳಿದಿದ್ದು. ಆ ಹಿತ್ತಾಳೇದು ಅದನ್ನ ಸಿಡಿಸೋ ಭಾಗ. ಅದಕ್ಕೆ ಪೆಟ್ಟು ಬೀಳಬಾರದು. ವೆಲ್ಡಿಂಗ್ ನಿಲ್ಲಿಸು. ಎಲ್ಲರನ್ನೂ ದೂರ ಕಳಿಸು.”

ಕೈಯಲ್ಲಿದ್ದ ಬ್ಲೇಡನ್ನು ನೋಡಿದೆ. ಅದನ್ನು ಕೆಳಗಿಡಲೂ ಹೆದರಿಕೆ, ಎಲ್ಲಿ ಟಣ್ ಅಂದುಬಿಡುತ್ತದೋ ಅಂತ. ನಿಧಾನಕ್ಕೆ ಸೆರಗಿನಲ್ಲಿ ಸುತ್ತಿಕೊಂಡೆ.

“ಸರ್, ನಮ್ಮೆಜಮಾನ್ರು ಮೇಲಿದ್ದಾರೆ” ಅಂದೆ. “ಸರಪಳಿ ಹಿಡ್ಕೊಂಡಿದ್ದಾರೆ. ಬಿಟ್ರೆ ಅದು ಬೀಳುತ್ತೆ.”

“ಕೆಳಗೇನಿದೆ?”

“ಕಾಂಕ್ರೀಟು.”

ಅವರು ಒಂದು ಸಲ ದೇವರ ಹೆಸರು ಹೇಳಿದರು. ಬಾಂಬು ತೆಗೆಯುವ ತಂಡ ಬೆಂಗಳೂರಿನಿಂದ ಬರಬೇಕು, ಎಷ್ಟು ಬೇಗ ಅಂದರೂ ಮಧ್ಯಾಹ್ನ ಕಳೆಯುತ್ತದೆ. ತಾನೂ ಹೊರಟಿದ್ದೇನೆ, ಆದರೆ ನಂದಿಯಿಂದ ದೂರ. “ಅಷ್ಟು ಹೊತ್ತು ಹಿಡ್ಕೋತಾರಾ?”

ನಾನು ಮೇಲೆ ನೋಡಿದೆ. ಚಲಪತಿಯ ಮೊಣಕೈ ಆಗಲೇ ನಡುಗುತ್ತಿತ್ತು. ಹೊಟ್ಟೆಯ ಬಾಗಿಲಲ್ಲಿ ಅವನ ಹವಾಯಿ ಚಪ್ಪಲಿಯ ಪಾದ ಬಾಂಬಿನ ಬೆನ್ನಿಗೆ ತಾಗಿಕೊಂಡೇ ಇತ್ತು.

“ಇಲ್ಲ ಸರ್” ಅಂದೆ.

“ಹಾಗಾದ್ರೆ ಇಳಿಸಬೇಕು. ಮೆತ್ತನೆಯದರ ಮೇಲೆ, ಸ್ವಲ್ಪ ಸ್ವಲ್ಪಾನೇ. ಮೂತಿ ಎಲ್ಲೂ ತಗುಲಬಾರದು. ಇನ್ನೊಬ್ಬರು ಮೇಲೆ ಹತ್ತಬೇಡಿ, ಪ್ಲೈವುಡ್ ಅಲುಗಾಡುತ್ತೆ. ಅವನಿಗೆ ಗಾಬರಿ ಆಗದ ಹಾಗೆ ಹೇಳು.”

ಗಾಬರಿ ಆಗದ ಹಾಗೆ ಹೇಳುವುದು ಹೇಗೆ, ನೀವೇ ಹೇಳಿ. ಆದಷ್ಟು ಮೆಲ್ಲಗೆ, “ರೀ, ವೆಲ್ಡಿಂಗ್ ಮಾಡ್ಬೇಡಿ ರೀ. ಸುಮ್ನೆ ಹಾಗೇ ಹಿಡ್ಕೊಂಡಿರಿ” ಅಂದೆ.

ಮೇಲಿನಿಂದ ಅವನ ದನಿ ಬಂತು. “ಯಾರೇ ಸತ್ತಿದ್ದು?”

“ಯಾರೂ ಇಲ್ಲ ರೀ.”

“ಮತ್ತೆ ಯಾಕೆ ರೀ ಅಂತಿದ್ದೀಯ? ಮದುವೆಯಾದ ವರ್ಷ ಬಿಟ್ರೆ ನೀನು ನನ್ನ ರೀ ಅಂದಿದ್ದುಂಟಾ? ಏನಾಯ್ತೇ? ಮಗೀಗೇನಾಯ್ತು?” ಅವನು ಬಗ್ಗಿ ನೋಡಲು ಹೊರಟ. ಸರಪಳಿ ಕಿರ್ ಅಂದಿತು. ಬಾಂಬಿನ ಮೂತಿ ಅಂಗೈ ಅಗಲದಷ್ಟು ಕೆಳಗೆ ಜಾರಿ ನಿಂತಿತು.

ಆಗ ತಿಳಿಯಿತು, ಇವನಿಗೆ ನನ್ನ ಮೆತ್ತನೆಯ ಮಾತೇ ಬಾಂಬು. ಸೊಂಟಕ್ಕೆ ಕೈಯಿಟ್ಟು ಗಂಟಲು ಹರಿದುಕೊಂಡೆ. “ನಿನ್ನ ಮುಖಕ್ಕಿಷ್ಟು! ಹಿಡ್ಕೋ ಅಂದ್ರೆ ಹಿಡ್ಕೋಬೇಕು ಕಣಯ್ಯಾ! ಒಂದು ಸರಪಳಿ ಹಿಡ್ಕೊಳ್ಳೋಕೆ ಬರಲ್ಲ, ವಿಮಾನ ಕಟ್ತಾನಂತೆ ವಿಮಾನ! ಅಳ್ಳಾಡಿದ್ರೆ ನೋಡು ಮತ್ತೆ!”

“ಹಾಂ, ಸರಿ ಸರಿ” ಅಂದ. ದನಿಯಲ್ಲಿ ಸಮಾಧಾನ. ಸರಪಳಿ ನಿಂತಿತು.

ಅಲ್ಲಿಂದ ನಾನು ಬಾಯಿ ನಿಲ್ಲಿಸಲಿಲ್ಲ. ಅವನಿಗೆ ಬೈಯುತ್ತಲೇ ಸಂಘಮಿತ್ರಳ ಹತ್ತಿರ ನಡೆದೆ. ಓಡಬೇಕೆಂದು ಕಾಲು ಎಳೆಯುತ್ತಿತ್ತು, ನಡೆದೆ. ಅವಳ ಕಿವಿಯಲ್ಲಿ ವಿಷಯ ಹೇಳಿದೆ. ಅವಳ ಮುಖ ಸುಣ್ಣವಾಯಿತು. ಆದರೂ ಜಾಣೆ ಹುಡುಗಿ. ಮೈಕು ತೆಗೆದುಕೊಂಡು, “ಊಟ ಬಂದಿದೆ, ಇವತ್ತು ಮೇನ್ ರೋಡ್ ಹತ್ರ ಬಡಿಸ್ತಾರೆ, ಎಲ್ಲಾ ಅಲ್ಲಿಗೇ ಬನ್ನಿ” ಅಂದಳು. ಸಿನಿಮಾ ಮಂದಿಗೆ ಬಾಂಬು ಅಂದಿದ್ದರೆ ನಿಂತು ವಿಡಿಯೋ ತೆಗೆಯುತ್ತಿದ್ದರು. ಊಟ ಅಂದದ್ದಕ್ಕೆ ಕಣ್ಣು ಮುಚ್ಚಿ ಬಿಡುವುದರೊಳಗೆ ಬಯಲು ಖಾಲಿಯಾಯಿತು. ಪೊಲೀಸರಿಗೆ ಫೋನು ಮಾಡಿ, ರಸ್ತೆಯಲ್ಲಿ ಯಾರನ್ನೂ ಒಳಗೆ ಬಿಡದೆ ನಿಲ್ಲುತ್ತೇನೆ ಅಂತ ಅವಳು ಹೋದಳು. ಹೋಗುವಾಗ ನನ್ನ ಕೈ ಹಿಡಿದು ಅತ್ತಳು. ನನಗೆ ಅಳಲೂ ಪುರಸೊತ್ತಿರಲಿಲ್ಲ.

ಮೆತ್ತನೆಯದು ಏನಿದೆ ಅಂತ ಸುತ್ತ ನೋಡಿದೆ. ಹಾಸಿಗೆಯೇ, ಬೈಹುಲ್ಲೇ, ಏನೂ ಇಲ್ಲ. ಅಷ್ಟರಲ್ಲಿ ಷರೀಫನ ಟೆಂಪೋ ಬಂತು. ಓಡಿ ಅಡ್ಡ ಹಾಕಿ ದೂರದಲ್ಲೇ ನಿಲ್ಲಿಸಿ ಹೇಳಿದೆ. “ಯಾ ಅಲ್ಲಾ” ಅಂತ ಸ್ಟೇರಿಂಗಿಗೆ ಹಣೆ ಇಟ್ಟ. ಬೆಳಿಗ್ಗೆ ಅದನ್ನು ಟೆಂಪೋದಲ್ಲಿ ಹಳ್ಳದಿಣ್ಣೆ ಹಾರಿಸಿಕೊಂಡು ತಂದವನು ಅವನೇ ತಾನೇ. ಹಿಂದಕ್ಕೆ ಹೋಗುತ್ತಾನೆ ಅಂದುಕೊಂಡೆ. ಹೋಗಲಿಲ್ಲ. “ಭಾಬಿ, ಹಿಪ್ಪುನೇರಳೆ!” ಅಂದ.

ಪಕ್ಕದ ಹುಳು ಮನೆಯ ನೆರಳಲ್ಲಿ ಮಧ್ಯಾಹ್ನದ ಮೇವಿಗೆಂದು ಕಡ್ಡಿ ಸಮೇತ ಕುಯ್ದ ಸೊಪ್ಪಿನ ಕಟ್ಟುಗಳು ಒದ್ದೆ ಗೋಣಿತಾಟು ಹೊದಿಸಿ ಸಾಲಾಗಿ ಇದ್ದವು. ಮನೆಯವರು ಕೇಳಿದರೆ ಆಮೇಲೆ ನೋಡೋಣ ಅಂತ ಇಬ್ಬರೂ ಎಳೆದು ತಂದೆವು. ಕಡ್ಡಿ ಕೆಳಗೆ, ಸೊಪ್ಪು ಮೇಲೆ, ಅದರ ಮೇಲೆ ಒದ್ದೆ ಗೋಣಿ, ಮತ್ತೆ ಸೊಪ್ಪು. ಬಾಂಬಿನ ಕೆಳಗೆ ಬಗ್ಗಿ ಕಟ್ಟು ತಳ್ಳುವಾಗ ಅದರ ಹನಿ ನನ್ನ ಕತ್ತಿನ ಮೇಲೆ ಬಿತ್ತು. ಬಿಸಿಯಾಗಿತ್ತು. ಆ ಕ್ಷಣದ ಹೆದರಿಕೆಯನ್ನು ನಾನು ಹೇಳಲಾರೆ. ಮಗಳು ಸ್ಕೂಲಿನಿಂದ ಬಂದು ಬೀಗ ಹಾಕಿದ ಮನೆಯ ಮುಂದೆ ನಿಂತಿರುವುದು ಕಣ್ಣೆದುರು ಬಂತು.

ಅಷ್ಟು ಹೊತ್ತೂ ಅತ್ತೆ ಅಲ್ಲೇ ಕೂತಿದ್ದರು. ಕಿವಿಯಲ್ಲಿ ವಿಷಯ ಹೇಳಿ ರಸ್ತೆಗೆ ಹೋಗಿ ಅಂದರೆ ಕದಲಲಿಲ್ಲ. “ಬಾಂಬಂತೆ! ಯಾವನೋ ಫೋನಲ್ಲಿ ಹೇಳ್ದನಂತೆ! ನೀವು ಹುಟ್ಟೋಕ್ ಮುಂಚಿಂದ ನಮ್ಮನ್ನ ಕಾಯ್ದವನು ಕಣೇ ಇವನು. ನನ್ ಮಗನ್ನ ಇವನು ಏನೂ ಮಾಡಾಕಿಲ್ಲ. ನಂಗೊತ್ತು.”

“ಅತ್ತೆ, ಕೈಮುಗಿತೀನಿ, ಹೋಗಿ.”

“ನೀನೋಗು ಬೇಕಾದ್ರೆ.”

ಮೇಲಿನಿಂದ ಚಲಪತಿ ಕೇಳಿದ. “ಮಾಲಾ, ಸೊಪ್ಪು ಯಾಕೇ ಹಾಕ್ತಿದ್ದೀರ?”

ನಾನು ಇನ್ನೊಂದು ಕಟ್ಟು ತಳ್ಳಿದೆ.

“ಇದು ನಿಜವಾದ್ದಾ?” ಅಂದ.

ಸುಳ್ಳು ಹೇಳಬೇಕೆಂದೇ ಬಾಯಿ ತೆರೆದೆ. ಬರಲಿಲ್ಲ. “ಹೂಂ ಕಣಯ್ಯಾ, ನಿಜವಾದ್ದೇ. ನಿಮ್ಮ ತಾತನ ರೋಡ್ ರೋಲರ್! ಇಡೀ ವಂಶವೇ ಹಿಂಗೆ, ಒಬ್ಬನಿಗಾದ್ರೂ ತಲೆ ಇದ್ದಿದ್ರೆ ನಾನ್ಯಾಕೆ ಇಲ್ಲಿ ಸೊಪ್ಪು ಹಾಸ್ತಿದ್ದೆ? ಈಗ ಬಾಯಿ ಮುಚ್ಕೊಂಡು ಒಂದೊಂದೇ ಕೊಂಡಿ ಬಿಡು. ಬೇಗ ಬಿಟ್ಟೆ ಅಂದ್ರೆ ನಿನ್ನ ನಾನೇ ಸಾಯಿಸ್ತೀನಿ!”

“ನೀನು ಹೋಗೇ” ಅಂದ. “ಮಗು ಇದೆ. ಹೋಗೇ ಮಾಲಾ.” ಅವನು ಅಳುತ್ತಿದ್ದ.

“ಹೋಗಲ್ಲ. ಬಿಡು ಸರಪಳೀನ.”

ಷರೀಫನಿಗೆ ರಸ್ತೆಗೆ ಹೋಗು ಅಂದೆ. ಅವನು ಹತ್ತು ಹೆಜ್ಜೆ ದೂರ ಹೋಗಿ ನಿಂತ, ಅಲ್ಲಿಂದ ಕದಲಲಿಲ್ಲ. ತುಟಿ ಅಲ್ಲಾಡುತ್ತಿತ್ತು.

ಟಿಕ್. ಒಂದು ಕೊಂಡಿ. ಮೂತಿ ಸ್ವಲ್ಪ ಇಳಿಯಿತು. ಟಿಕ್. ಇನ್ನೊಂದು. ನಾನು ಬೈಯುತ್ತಲೇ ಇದ್ದೆ. ಏನೇನು ಬೈದೆನೋ ನೆನಪಿಲ್ಲ. ಅವರ ಚಿಕ್ಕಪ್ಪನ ಮದುವೆಯಲ್ಲಿ ನನಗೆ ಸೀರೆ ಕೊಡದಿದ್ದುದು, ಮನೆಯ ಚರಂಡಿ ಸರಿ ಮಾಡಿಸದೆ ಇರುವುದು, ಗೊರಕೆ. ಫೋನನ್ನು ಕಿವಿಗೂ ಭುಜಕ್ಕೂ ಸಿಕ್ಕಿಸಿಕೊಂಡಿದ್ದೆ. ಆ ಕಡೆಯಿಂದ ಮಧುಸೂದನ್ ಸರ್ ಕಾರು ಓಡಿಸುತ್ತಲೇ “ನಿಧಾನ, ನಿಧಾನ” ಅನ್ನುತ್ತಿದ್ದರು.

ಮೂತಿ ಸೊಪ್ಪಿಗೆ ಇನ್ನೇನು ಮುಟ್ಟಬೇಕು, ಮೇಲೆ ಪಟ್ ಅಂತ ಸದ್ದಾಯಿತು. ಬಾಲದ ಕಡೆಯ ವೆಲ್ಡಿಂಗ್ ಒಂದು ಚುಕ್ಕೆ ಬಿಟ್ಟುಕೊಂಡಿತ್ತು. ಇಡೀ ಬಾಂಬು ಓರೆಯಾಗಿ ವಿಮಾನದ ಚಕ್ರದ ಕಬ್ಬಿಣದ ಕಡೆಗೆ ತಿರುಗಿತು. ನಾನು ಕಣ್ಣು ಮುಚ್ಚಿದೆ. ಸುಳ್ಳು ಯಾಕೆ ಹೇಳಲಿ, ಮುಚ್ಚಿಬಿಟ್ಟೆ.

ಸದ್ದು ಬರಲಿಲ್ಲ. ಕಣ್ಣು ಬಿಟ್ಟರೆ ಅತ್ತೆ ಸೊಪ್ಪಿನ ಮೇಲೆ ಮಂಡಿಯೂರಿ, ಆ ಮೂತಿಯನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದಿದ್ದರು. ಅತ್ತೆಯ ತವರು ಆಂಧ್ರದ ಗಡಿ, ಮುದ್ದು ಬಂದರೆ ತೆಲುಗೇ. “ಮೆಲ್ಲಗಾ ರಾ ನಾಯ್ನಾ, ಮೆಲ್ಲಗಾ. ನೇನುನ್ನಾನು ಕದಾ”, ಮೆಲ್ಲಗೆ ಬಾರಪ್ಪಾ, ನಾನಿದ್ದೀನಲ್ಲ ಅನ್ನುತ್ತಾ, ಹಸುವಿಗೆ ಕರು ಹಾಕಿಸುವಾಗ ತಲೆಯನ್ನು ಹೇಗೆ ತಿರುಗಿಸಿ ತರುತ್ತಾರೋ ಹಾಗೆ ನಿಧಾನಕ್ಕೆ ತಿರುಗಿಸಿ ಸೊಪ್ಪಿನ ಕಡೆ ತಂದರು. ಅವರ ಕೈ ಒಂದಿಷ್ಟೂ ನಡುಗಲಿಲ್ಲ. ನಾನು ಬೆನ್ನಿಗೆ ಭುಜ ಕೊಟ್ಟೆ. ಷರೀಫನೂ ಓಡಿಬಂದು ಬಾಲದ ಕಡೆ ಹಿಡಿದ. ಚಲಪತಿ ಉಳಿದ ಕೊಂಡಿಗಳನ್ನು ಬಿಟ್ಟ, ಷರೀಫ್ ಬಾಲದ ಬೆಲ್ಟು ಕಳಚಿ ಮೆಲ್ಲಗೆ ಇಳಿಸಿದ. ಅದು ಸೊಪ್ಪಿನೊಳಗೆ ಹೂತುಕೊಂಡು ಮಲಗಿತು.

ಸುಮ್ಮನೆ ಮಲಗಿತ್ತು.

ಚಲಪತಿ ಇಳಿದು ಬಂದ. ಬಂದ ಅನ್ನುವುದಕ್ಕಿಂತ ಬಿದ್ದ. ಬೆರಳು ಸರಪಳಿ ಹಿಡಿದ ಹಾಗೇ ಮಡಚಿಕೊಂಡು ಬಿಚ್ಚಲೇ ಇಲ್ಲ. ಅಂಗೈಯಿಂದ ರಕ್ತ. ಷರೀಫ್ ಅವನನ್ನು, ನಾನು ಅತ್ತೆಯನ್ನು ಎಳೆದುಕೊಂಡು ರಸ್ತೆಯವರೆಗೆ ಓಡಿದೆವು. ಅತ್ತೆ ಮಾತ್ರ ಹಿಂದೆ ತಿರುಗಿ ತಿರುಗಿ, “ಒಬ್ಬನ್ನೇ ಬುಟ್ಬುಟ್ಟು ಬಂದ್ರಲ್ಲೋ, ಬಿಸ್ಲಾಗೆ” ಅನ್ನುತ್ತಿದ್ದರು. ರಸ್ತೆ ಮುಟ್ಟಿದ ಮೇಲೆ ನಾನು ಮೋರಿಯ ಕಟ್ಟೆ ಹಿಡಿದು ವಾಂತಿ ಮಾಡಿಕೊಂಡೆ.

ಸಂಜೆಗೆ ತಂಡ ಬಂತು. ಹಳ್ಳಿಯನ್ನೆಲ್ಲ ಖಾಲಿ ಮಾಡಿಸಿ ಸಾದಲಿಗೆ ಕಳಿಸಿದರು. ನಮ್ಮ ವಿಮಾನದ ಹೊಟ್ಟೆ ತೆರೆದೇ ಇತ್ತು, ಕೆಳಗೆ ಬಾಡಿದ ಸೊಪ್ಪು. ಮರುದಿನವೆಲ್ಲ ಅವರು ಅದರ ಸುತ್ತ ಮರಳಿನ ಮೂಟೆ ಪೇರಿಸಿದರು. ಆಮೇಲೆ ಮರಳು ತುಂಬಿದ ಲಾರಿಯಲ್ಲಿ ಮಲಗಿಸಿ, ಬಿಟ್ಟುಹೋದ ಒಂದು ಕಲ್ಲುಕ್ವಾರಿಗೆ ಸಾಗಿಸಿದರು. ಅಷ್ಟು ದಿನವೂ ಅತ್ತೆ ನಮ್ಮ ಜೊತೆ ಮಾತಾಡಲಿಲ್ಲ, ಸರಿಯಾಗಿ ಉಣ್ಣಲೂ ಇಲ್ಲ. “ದೇವ್ರನ್ನ ಪೊಲೀಸ್ನೋರ್ ಕೈಗೆ ಕೊಟ್ರಿ. ಅದ್ರಾಗೆ ಏನೂ ಇಲ್ಲ, ನೀರೂ ಮಣ್ಣೂ. ನೋಡ್ತಿರಿ, ಅವ್ರೇ ನಾಚ್ಕೊಂಡು ತಂದ್ಕೊಡ್ತಾರೆ” ಅಂದದ್ದು ಒಂದೇ ಸಲ. ಸಾದಲಿಯಲ್ಲಿ ನೆಂಟರ ಮನೆಯ ಜಗಲಿಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದರು.

ಅದನ್ನು ಸಿಡಿಸುವ ದಿನ, ಹೊತ್ತು ಎರಡನ್ನೂ ಮುಂಚೆಯೇ ಹೇಳಿದ್ದರು. ಆದರೂ ನಾನು ಪಟಾಕಿಯಷ್ಟಿರಬಹುದು ಅಂದುಕೊಂಡಿದ್ದೆ. ಕ್ವಾರಿ ಅಲ್ಲಿಂದ ಎಷ್ಟೋ ದೂರ, ನಡುವೆ ಒಂದು ಗುಡ್ಡ ಬೇರೆ.

ಮೊದಲು ಕಾಲಡಿಯ ನೆಲ ಅದುರಿತು. ಆಮೇಲೆ ಸದ್ದು. ಕಿವಿಯಿಂದ ಅಲ್ಲ, ಎದೆಯಿಂದ ಕೇಳಿಸಿದ ಹಾಗೆ. ಹೆಂಚಿನ ಸಂದಿನಿಂದ ಧೂಳು ಉದುರಿತು, ಅಡುಗೆಮನೆಯಲ್ಲಿ ಪಾತ್ರೆ ಬಿದ್ದವು, ನಾಯಿಗಳೆಲ್ಲ ಒಟ್ಟಿಗೆ ಊಳಿಟ್ಟವು. ಗುಡ್ಡದ ಹಿಂದಿನಿಂದ ಕಪ್ಪು ಹೊಗೆ ಎದ್ದಿತು.

ಅತ್ತೆ ನಿಧಾನಕ್ಕೆ ಈ ಕಡೆ ತಿರುಗಿದರು. ಹೊಗೆ ನೋಡಿದರು. ಆಮೇಲೆ ಕಂಬದ ಪಕ್ಕ ಕೈಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದ ಮಗನನ್ನು ನೋಡಿದರು. ಅವರ ಗದ್ದ ನಡುಗಲು ಶುರುವಾಯಿತು. ಆಮೇಲೆ ಕೈ, ಆಮೇಲೆ ಇಡೀ ಮೈ. ಚಳಿಜ್ವರ ಬಂದವರ ಹಾಗೆ ಹಲ್ಲು ಕಟಕಟ ಅನ್ನುತ್ತಿತ್ತು. ನಾನು ಓಡಿಹೋಗಿ ತಬ್ಬಿಕೊಂಡೆ. “ಮುಗೀತು ಅತ್ತೆ, ಏನೂ ಆಗ್ಲಿಲ್ಲವಲ್ಲ, ಎಲ್ಲಾ ಮುಗೀತು” ಅಂದೆ.

“ಅದಲ್ಲ ಕಣೇ” ಅಂದರು. “ಇವನಿಗೆ ಮುಂಚೆ ಎರಡು ಕೂಸು ಮಣ್ಣು ಮಾಡಿದ್ನಲ್ಲ ನಾನು. ಇದೊಂದಾದ್ರೂ ಉಳೀಲಿ ಅಂತ, ಹಸೀ ಬಾಣಂತಿ, ಇವನ್ನ ಎತ್ಕೊಂಡೋಗಿ ಅದರ ಮೇಲೇ ಮಲಗ್ಸಿ ಬೆಳಗಾಗೋಗಂಟ ಕಾಯ್ಕೊಂಡು ಕೂತಿದ್ದೆ. ಕಬ್ಣ ತಣ್ಣಗಿತ್ತು. ಕೂಸಿಗೆ ಚಳಿ ಆಗ್ತದೆ ಅಂತ ಪಕ್ಕದಾಗೆ ಸೌದೆ ಒಟ್ಟಿ ಬೆಂಕಿ ಹಾಕಿದ್ದೆ ಕಣೇ ಮಾಲಾ. ನಾನೇ ಬೆಂಕಿ ಹಾಕಿದ್ದೆ.”

ಚಲಪತಿ ಬಂದು ಅಮ್ಮನ ಪಕ್ಕ ಕೂತ. ಅತ್ತೆ ಅವನ ತಲೆ ಸವರಲು ಕೈ ಚಾಚಿದರು, ಆಮೇಲೆ ಹೆದರಿ ಹಿಂದಕ್ಕೆ ತೆಗೆದುಕೊಂಡರು.